ವರ್ಷಪ್ರಮಾಣ ವಿಚಾರ

ಒಂದು ವರ್ಷಕ್ಕೆ ಎಷ್ಟು ದಿನಗಳೆಂದು ಕೇಳಿದರೆ ಮೂರನೆಯ ತರಗತಿಯ ಮಗುವೂ ಮುನ್ನೂರ ಅರವತ್ತೈದೆಂದು ಉತ್ತರಿಸುತ್ತದೆ. ಸ್ವಲ್ಪ ಓದಿದವರು ಅದಕ್ಕೆ ಕಾಲು ದಿನವನ್ನು ಸೇರಿಸುತ್ತಾರೆ. ಆದರೆ ಆ ವರ್ಷವು ಎಲ್ಲಿಂದ ಎಲ್ಲಿಯವರೆಗಿನದು, ಸೂರ್ಯನು ಯಾವುದರ ಬಳಿಗೆ ಮರಳಿದಾಗ ಅದು ಪೂರ್ಣವಾಯಿತೆಂದು ತಿಳಿಯಬೇಕು ಎಂದು ಕೇಳುವವರು ವಿರಳ. ಅಧ್ಯಾಪಕನಾಗಿದ್ದ ನಾನೂ ಬಹುಕಾಲ ಅದನ್ನು ಕೇಳಿಕೊಂಡವನಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ಒಂದು ಕಬ್ಬಿಣದ ಸಲಾಕೆಯ ನೆರಳು.

ಸುಮಾರು ಮೂರು ದಶಕಗಳ ಹಿಂದಿನ ಮಾತು. ಸಂಕ್ರಾಂತಿ ಸಮೀಪಿಸಿತ್ತು. ಮಾರಣಕಟ್ಟೆಯ ಜಾತ್ರೆಗೆ ಹೊರಡುವ ಸಂಭ್ರಮದಲ್ಲಿದ್ದ ಮಕ್ಕಳಿಗೆ, ಮಕರ ಸಂಕ್ರಮಣದಂದು ಸೂರ್ಯನು ಉತ್ತರಾಭಿಮುಖನಾಗುತ್ತಾನೆ, ಅಂದಿನಿಂದಲೇ ಉತ್ತರಾಯಣವೆಂದು ಪಾಠ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಾಸ್ಟ್ರೇ, ನೆರಳ್ ಗಿಡ್ಡ ಆಪುಕೆ ಸುರುವಾಯಿ ಸುಮಾರ್ ದಿನ ಆಯ್ತಲೆ?” ಎಂದಳು. ಆಟದ ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ಎತ್ತರದ ಸಲಾಕೆಯ ಮಧ್ಯಾಹ್ನದ ನೆರಳನ್ನು ದಿನವೂ ಅಳೆದು ಬರೆಯಬೇಕೆಂದು ಡಿಸೆಂಬರಿನ ಆರಂಭದಲ್ಲಿ ನಾನೇ ಅವರಿಗೆ ಕೆಲಸ ಕೊಟ್ಟಿದ್ದೆ. ಅವಳ ಪುಸ್ತಕದಲ್ಲಿ ಡಿಸೆಂಬರ್ 22ರ ಸುಮಾರಿಗೆ ನೆರಳು 76 ಸೆಂಟಿಮೀಟರ್ ಇತ್ತು. ಜನವರಿ 12ಕ್ಕೆ ಅದು 72ರ ಕೆಳಗೆ ಇಳಿದಿತ್ತು. ನಾನು ಅವಳನ್ನು ಕುಳ್ಳಿರಿಸಿ, “ಪಂಚಾಂಗದಲ್ಲಿ ಹಾಗೆಯೇ ಇದೆ” ಎಂದೆ. ಪಂಚಾಂಗದಲ್ಲಿ ಹಾಗೆಯೇ ಇದ್ದದ್ದು ನಿಜ. ನೆರಳೂ ನಿಜವೇ. ಎರಡೂ ನಿಜವಾಗಿರುವುದು ಹೇಗೆಂಬುದನ್ನು ಅಂದು ಅವಳಿಗೆ ವಿವರಿಸಲು ನನ್ನಿಂದಾಗಲಿಲ್ಲ. ಪ್ರಕೃತ ಲೇಖನವು ಆ ಉತ್ತರ.

ಮೊದಲು ನೆರಳಿನ ವಿಚಾರ. ನಮ್ಮ ಶಿರೂರು ಉಡುಪಿ ಜಿಲ್ಲೆಯ ಉತ್ತರದ ಕೊನೆಯಲ್ಲಿ, ಭಟ್ಕಳಕ್ಕೆ ತಾಗಿಕೊಂಡಿರುವ ಕಡಲತಡಿಯ ಊರು. ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೆಚ್ಚುಕಡಿಮೆ 14 ಡಿಗ್ರಿ. ಇಲ್ಲಿ ನಿಜವಾದ ಮಧ್ಯಾಹ್ನ ಗಡಿಯಾರದ ಹನ್ನೆರಡಕ್ಕೆ ಆಗುವುದಿಲ್ಲ. ಹನ್ನೆರಡೂವರೆಯ ಸುಮಾರಿಗೆ ಆಗುತ್ತದೆ. ಆ ಕ್ಷಣದಲ್ಲಿ ಸಲಾಕೆಯ ನೆರಳು ದಿನದಲ್ಲೇ ಅತ್ಯಂತ ಚಿಕ್ಕದಾಗಿ, ನೇರ ಉತ್ತರಕ್ಕೋ ದಕ್ಷಿಣಕ್ಕೋ ಬೀಳುತ್ತದೆ. ಡಿಸೆಂಬರ್ 22ರ ಸುಮಾರಿಗೆ ಸೂರ್ಯನು ದಕ್ಷಿಣದ ಕೊನೆಯಲ್ಲಿರುವುದರಿಂದ ಮಧ್ಯಾಹ್ನದ ನೆರಳು ವರ್ಷದಲ್ಲೇ ಅತಿ ಉದ್ದ. ಅಲ್ಲಿಂದ ಅದು ಕುಗ್ಗುತ್ತ ಬಂದು ಏಪ್ರಿಲ್ 27ರ ಸುಮಾರಿಗೆ ಇಲ್ಲವೇ ಇಲ್ಲವೆಂಬಷ್ಟಾಗುತ್ತದೆ. ಸೂರ್ಯನು ಅಂದು ನೆತ್ತಿಯ ಮೇಲಿರುತ್ತಾನೆ. ಅನಂತರ ನೆರಳು ದಕ್ಷಿಣಕ್ಕೆ ಹೊರಳಿ, ಜೂನ್ 21ಕ್ಕೆ 17 ಸೆಂಟಿಮೀಟರಿನಷ್ಟಾಗಿ, ಆಗಸ್ಟ್ 15ರ ಸುಮಾರಿಗೆ ಮತ್ತೆ ಶೂನ್ಯವಾಗುತ್ತದೆ. ಇದು ಲೆಕ್ಕದ ಮಾತು. ಆಷಾಢದ ಮಳೆಯಲ್ಲಿ ಶಿರೂರಿನಲ್ಲಿ ಸೂರ್ಯನನ್ನು ಕಾಣುವುದೇ ಒಂದು ಭಾಗ್ಯವಾದ್ದರಿಂದ ಜೂನ್ 21ರ ನೆರಳನ್ನು ಅಳೆದವರು ಇಲ್ಲಿ ಹೆಚ್ಚಾಗಿ ಇರಲಾರರು.

ನೆರಳು ಹೀಗೆ ಹೋಗಿ ಬಂದು ಪುನಃ ಮೊದಲಿನ ಸ್ಥಿತಿಗೆ ಮುಟ್ಟುವ ಕಾಲವೇ ಒಂದು ಬಗೆಯ ವರ್ಷ. ಇದಕ್ಕೆ ಸಾಯನ ವರ್ಷವೆಂದು ಹೆಸರು. ಹಗಲು ರಾತ್ರಿಗಳ ಹೆಚ್ಚುಕಡಿಮೆ, ಚಳಿ ಬಿಸಿಲು ಮಳೆ ಇವೆಲ್ಲ ಇದರ ಅಧೀನ. ಇದರ ಇಂದಿನ ಪ್ರಮಾಣ 365 ದಿನ 5 ಗಂಟೆ 48 ನಿಮಿಷ 45 ಸೆಕೆಂಡು.

ಇಷ್ಟು ಸೂಕ್ಷ್ಮವನ್ನು ಸಲಾಕೆಯಿಂದ ಪಡೆಯಬಹುದೇ? ಒಂದೇ ವರ್ಷದಲ್ಲಿ ಸಾಧ್ಯವಿಲ್ಲ. ನೆರಳು ಅತಿ ಉದ್ದವಾದ ದಿನವನ್ನೇ ಹಿಡಿಯಹೊರಟರೆ ಮೋಸಹೋಗುತ್ತೇವೆ; ಆ ಸಮಯದಲ್ಲಿ ನೆರಳು ಹಲವು ದಿನ ಅಲುಗದೆ ನಿಂತಂತೆ ತೋರುತ್ತದೆ. ಮಾರ್ಚ್ 20-21ರ ವಿಷುವದಿನದ ಸಮೀಪದಲ್ಲಾದರೋ ಒಂದು ಮೀಟರ್ ಸಲಾಕೆಯ ನೆರಳು ದಿನಕ್ಕೆ ಸುಮಾರು 7 ಮಿಲಿಮೀಟರ್ ಬದಲಾಗುತ್ತದೆ. ಆದ್ದರಿಂದ ವರ್ಷವನ್ನು ಅಳೆಯತಕ್ಕವರು ವಿಷುವವನ್ನೇ ಹಿಡಿದರು. ನೆರಳಿನ ಅಂಚು ಮಸುಕಾಗಿರುತ್ತದೆ, ಒಂದು ದಿನದಷ್ಟು ತಪ್ಪು ಸುಲಭವಾಗಿ ಬರುತ್ತದೆ, ನಿಜ. ಆದರೆ ಇಂದು ಒಂದು ವಿಷುವವನ್ನೂ ನೂರು ವರ್ಷಗಳ ಬಳಿಕ ಇನ್ನೊಂದನ್ನೂ ಗುರುತಿಸಿ, ನಡುವಣ ದಿನಗಳನ್ನು ನೂರರಿಂದ ಭಾಗಿಸಿದರೆ, ಒಂದು ದಿನದ ತಪ್ಪು ವರ್ಷವೊಂದಕ್ಕೆ 14 ನಿಮಿಷಕ್ಕೆ ಇಳಿಯುತ್ತದೆ. ಸಾವಿರ ವರ್ಷಗಳ ಅಂತರವಿದ್ದರೆ ಒಂದೂವರೆ ನಿಮಿಷಕ್ಕೆ. ವರ್ಷಪ್ರಮಾಣದ ಸೂಕ್ಷ್ಮತೆಯು ಉಪಕರಣಕ್ಕಿಂತ ಹೆಚ್ಚಾಗಿ ಬರೆದಿಟ್ಟವರ ಮತ್ತು ಕಾಪಾಡಿದವರ ತಾಳ್ಮೆಯ ಫಲ.

ಎರಡನೆಯ ಬಗೆಯ ವರ್ಷ ನಕ್ಷತ್ರಗಳದ್ದು. ಸೂರ್ಯನು ಒಂದು ನಕ್ಷತ್ರದ ನೇರಕ್ಕಿದ್ದು, ಆಕಾಶವನ್ನೆಲ್ಲ ಸುತ್ತಿ ಮತ್ತೆ ಅದೇ ನಕ್ಷತ್ರದ ನೇರಕ್ಕೆ ಬರುವ ಕಾಲವಿದು. ನಿರಯಣ ಅಥವಾ ನಾಕ್ಷತ್ರ ವರ್ಷವೆನ್ನುತ್ತಾರೆ. ಹಗಲಿನಲ್ಲಿ ನಕ್ಷತ್ರ ಕಾಣದಲ್ಲ, ಸೂರ್ಯನು ಎಲ್ಲಿರುವನೆಂದು ತಿಳಿಯುವುದು ಹೇಗೆ? ಚಂದ್ರಗ್ರಹಣದಲ್ಲಿ ಚಂದ್ರನು ಸೂರ್ಯನಿಗೆ ಸರಿಯಾಗಿ ಎದುರಿರುತ್ತಾನೆ. ಆಗ ಚಂದ್ರನ ಪಕ್ಕದಲ್ಲಿ ಯಾವ ನಕ್ಷತ್ರವಿದೆಯೆಂದು ನೋಡಿದರೆ ಸೂರ್ಯನ ಸ್ಥಾನ ತಾನಾಗಿ ತಿಳಿಯುತ್ತದೆ. ಈ ವರ್ಷದ ಪ್ರಮಾಣ 365 ದಿನ 6 ಗಂಟೆ 9 ನಿಮಿಷ 10 ಸೆಕೆಂಡು. ಮೊದಲಿನದಕ್ಕಿಂತ 20 ನಿಮಿಷ 25 ಸೆಕೆಂಡು ಹೆಚ್ಚು.

ಈ ಇಪ್ಪತ್ತು ನಿಮಿಷಗಳಲ್ಲೇ ಎಲ್ಲವೂ ಇದೆ. ಭೂಮಿಯ ಅಕ್ಷವು ವೇಗ ತಗ್ಗಿದ ಬುಗುರಿಯಂತೆ ನಿಧಾನವಾಗಿ ತೂಗುತ್ತ ಸುಮಾರು 25,800 ವರ್ಷಗಳಿಗೊಮ್ಮೆ ಒಂದು ಸುತ್ತು ಬರುತ್ತದೆ. ಅದರಿಂದಾಗಿ ವಿಷುವಬಿಂದು ನಕ್ಷತ್ರಗಳ ನಡುವೆ ಒಂದೆಡೆ ನಿಲ್ಲದೆ ಸೂರ್ಯನಿಗೆ ಇದಿರಾಗಿ ಸರಿಯುತ್ತಿದೆ. ರಥಬೀದಿಯಲ್ಲಿ ಸುತ್ತು ಬರುವ ತೇರನ್ನು ಭಾವಿಸಿರಿ. ತೇರು ಹೊರಟ ಜಾಗದಲ್ಲಿ ನಿಂತಿದ್ದವನು, ಅದು ಸುತ್ತಿ ಬರುವಷ್ಟರಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆದು ಅದನ್ನು ಎದುರುಗೊಂಡರೆ, ಅವನ ಪಾಲಿಗೆ ಸುತ್ತು ಬೇಗ ಮುಗಿಯುತ್ತದೆ. ಬೀದಿಯ ಕಲ್ಲಿನ ಪಾಲಿಗೆ ತೇರು ಇನ್ನೂ ನಾಲ್ಕು ಹೆಜ್ಜೆ ಬರಬೇಕು. ನಡೆದವನದು ಸಾಯನ ವರ್ಷ, ಕಲ್ಲಿನದು ನಿರಯಣ ವರ್ಷ. ಕ್ರಿ.ಪೂ. 2ನೆಯ ಶತಮಾನದಲ್ಲಿ ಗ್ರೀಕ್ ಜ್ಯೋತಿಷಿ ಹಿಪ್ಪಾರ್ಕಸನು ತನಗಿಂತ ಸುಮಾರು ಒಂದೂವರೆ ಶತಮಾನದ ಹಿಂದಿನವರು ಬರೆದಿಟ್ಟಿದ್ದ ಚಿತ್ರಾ ನಕ್ಷತ್ರದ ಸ್ಥಾನವನ್ನು ತನ್ನ ಕಾಲದ ಸ್ಥಾನದೊಡನೆ ಹೋಲಿಸಿ, ಅದು 2 ಡಿಗ್ರಿ ಸರಿದಿರುವುದನ್ನು ಕಂಡು ಈ ಚಲನೆಯನ್ನು ಗುರುತಿಸಿದನು.

ನಮ್ಮವರೂ ಅದನ್ನು ಕಾಣದೆ ಇರಲಿಲ್ಲ. ವೇದಾಂಗ ಜ್ಯೋತಿಷದಲ್ಲಿ ವರ್ಷಕ್ಕೆ 366 ದಿನ, ಐದು ವರ್ಷದ ಯುಗಕ್ಕೆ 1830 ದಿನ. ಇದು ಸ್ಥೂಲವಾದ ಲೆಕ್ಕ, ಐದೇ ವರ್ಷದಲ್ಲಿ ಹೆಚ್ಚುಕಡಿಮೆ ನಾಲ್ಕು ದಿನ ತಪ್ಪುತ್ತದೆ. ಆದರೆ ಅದೇ ಗ್ರಂಥವು ಸೂರ್ಯನು ಧನಿಷ್ಠಾ ನಕ್ಷತ್ರದ ಆದಿಯಲ್ಲಿ ಉತ್ತರಕ್ಕೂ ಆಶ್ಲೇಷೆಯ ಮಧ್ಯದಲ್ಲಿ ದಕ್ಷಿಣಕ್ಕೂ ತಿರುಗುವನೆಂದು ತಿಳಿಸುತ್ತದೆ. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನು, ಹಿಂದೆ ಹಾಗಿದ್ದುದು ಶಾಸ್ತ್ರಗಳಿಂದ ತಿಳಿಯುತ್ತದೆ, ಈಗಲಾದರೋ ಕರ್ಕಾಟಕ ಮಕರಗಳ ಆದಿಯಲ್ಲಿ ತಿರುಗುತ್ತಾನೆ ಎಂದು ಸ್ಪಷ್ಟವಾಗಿ ಹೇಳಿದನು. ಸಂದೇಹವಿದ್ದವರು ನೆರಳನ್ನು ನೋಡಿ ಪರೀಕ್ಷಿಸಬಹುದೆಂಬ ಭಾವವೂ ಅವನಲ್ಲಿದೆ. ಹಿಂದಿನ ಬೆಂಚಿನ ಹುಡುಗಿ ಮಾಡಿದ್ದೂ ಅದನ್ನೇ. ನಾನು ಮಾತ್ರ ವರಾಹಮಿಹಿರನ ಕಾಲದ ಮಾತನ್ನು ಸಾವಿರದ ನಾನೂರು ವರ್ಷ ತಡಮಾಡಿ ಪಾಠ ಹೇಳುತ್ತಿದ್ದೆ.

ಸಿದ್ಧಾಂತಗ್ರಂಥಗಳು ವರ್ಷಪ್ರಮಾಣವನ್ನು ಭಿನ್ನರಾಶಿಯಲ್ಲಿ ಹೇಳುವುದಿಲ್ಲ. ಒಂದು ಮಹಾಯುಗದ 43,20,000 ವರ್ಷಗಳಿಗೆ ಒಟ್ಟು ಇಷ್ಟು ದಿನಗಳೆಂದು ಹೇಳುತ್ತವೆ. ಆರ್ಯಭಟೀಯದಲ್ಲಿ 157,79,17,500 ದಿನಗಳು. ಪ್ರಚಲಿತ ಸೂರ್ಯಸಿದ್ಧಾಂತದಲ್ಲಿ 157,79,17,828. ಭಾಗಿಸಿ ನೋಡಿದರೆ ಮೊದಲನೆಯದರಲ್ಲಿ ವರ್ಷಕ್ಕೆ 365 ದಿನ 6 ಗಂಟೆ 12 ನಿಮಿಷ 30 ಸೆಕೆಂಡು, ಎರಡನೆಯದರಲ್ಲಿ ಅದಕ್ಕಿಂತ ಆರೂವರೆ ಸೆಕೆಂಡು ಹೆಚ್ಚು. ಇವೆರಡೂ ನಾಕ್ಷತ್ರ ವರ್ಷಗಳು. ದೂರದರ್ಶಕವಿಲ್ಲದ ಕಾಲದಲ್ಲಿ ತಪ್ಪು ಮೂರೂವರೆ ನಿಮಿಷ ಮಾತ್ರ ಎಂಬುದು ಸಾಮಾನ್ಯವಲ್ಲ. ಆದರೆ ಋತುಗಳ ದೃಷ್ಟಿಯಿಂದ ನೋಡಿದರೆ ಈ ವರ್ಷವು ಸುಮಾರು 24 ನಿಮಿಷ ದೀರ್ಘ. ಅರವತ್ತು ವರ್ಷಗಳಿಗೊಂದರಂತೆ ದಿನ ಮುಂದೆ ಸರಿಯುತ್ತದೆ. ಒಂದು ಸಂವತ್ಸರಚಕ್ರ, ಪ್ರಭವದಿಂದ ಅಕ್ಷಯದವರೆಗೆ, ಮುಗಿಯುವಷ್ಟರಲ್ಲಿ ಒಂದು ದಿನ.

ಅದನ್ನು ತಿದ್ದಿಕೊಳ್ಳಲಿಲ್ಲವೇಕೆ? ಇದಕ್ಕೆ ಉದಾಸೀನವೊಂದೇ ಕಾರಣವಲ್ಲ. ಸೂರ್ಯಸಿದ್ಧಾಂತವು ಈ ಅಯನಚಲನೆಯನ್ನು ತೂಗುಮಣೆಯಂತೆ ಕಲ್ಪಿಸಿತು: ಒಂದು ಕಡೆಗೆ 27 ಡಿಗ್ರಿಯವರೆಗೆ ಹೋಗಿ, ಮರಳಿ ಬಂದು, ಇನ್ನೊಂದು ಕಡೆಗೂ ಅಷ್ಟೇ ಹೋಗುತ್ತದೆ. ಒಂದು ತೂಗಿಗೆ 7200 ವರ್ಷ, ಅದರ ಕಾಲುಭಾಗ 1800. ತಾನಾಗಿ ಮರಳಿ ಬರುವ ವ್ಯತ್ಯಾಸವನ್ನು ಯಾರು ತಿದ್ದುತ್ತಾರೆ? ಆ ಲೆಕ್ಕದಲ್ಲಿ ಅಯನಾಂಶವು ಶೂನ್ಯವಾಗಿದ್ದುದು ಕ್ರಿ.ಶ. 499ರಲ್ಲಿ, ಅದು ಮರಳಲು ತೊಡಗುವುದು 2299ರಲ್ಲಿ. ಆದ್ದರಿಂದ ಈ ಮತವನ್ನು ನೆಚ್ಚಿದವರು ಇಂದಿಗೂ ತಾವು ಸೋತೆವೆಂದು ಒಪ್ಪಬೇಕಾಗಿಲ್ಲ! ಆದರೆ ಗತಿವಿಜ್ಞಾನವು ತೋರಿಸಿಕೊಟ್ಟಂತೆ ಇದು ತೂಗುವಿಕೆಯಲ್ಲ, ಪೂರ್ಣವಾದ ಸುತ್ತು, ಮರಳುವ ಮಾತಿಲ್ಲ. ಕ್ರಿ.ಶ. 932ರ ಲಘುಮಾನಸದ ಕರ್ತೃವಾದ ಮುಂಜಾಲನು ಇದು ಎಡೆಬಿಡದೆ ಒಂದೇ ದಿಕ್ಕಿಗೆ ಸಾಗುವ ಚಲನೆಯೆಂದು ಎಣಿಸಿದ್ದನು, 1150ರಲ್ಲಿ ಸಿದ್ಧಾಂತ ಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ಅವನ ಮತವನ್ನು ಉಲ್ಲೇಖಿಸಿದನು ಎಂಬುದನ್ನು ನಾವು ನೆನೆಯಬೇಕು.

1150 ಎಂದೊಡನೆ ಈ ಪತ್ರಿಕೆಯ ವಾಚಕರ ಮನಸ್ಸು ಕಲ್ಯಾಣದ ಕಡೆಗೆ ಹರಿಯುವುದು ಸಹಜ. ಭಾಸ್ಕರನು ಆ ಗ್ರಂಥವನ್ನು ಬರೆದುದು ಬಸವಾದಿ ಶರಣರ ಕಾಲದಲ್ಲೇ. ಆ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ‘ಉತ್ತರಾಯಣ ಸಂಕ್ರಮಣ’ದಂದು ಭೂಮಿಯನ್ನು ಧಾರೆಯೆರೆದ ಉಲ್ಲೇಖಗಳು ಚಿರಪರಿಚಿತ. ಸೂರ್ಯಸಿದ್ಧಾಂತದ ವರ್ಷದಿಂದ ಗುಣಿಸಿದರೆ, 12ನೆಯ ಶತಮಾನದ ಮಧ್ಯಭಾಗದಲ್ಲಿ ಆ ಸಂಕ್ರಮಣವು ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗಿದ ಮೇಲೆ ಹತ್ತು ಹನ್ನೊಂದು ದಿನಗಳಿಗೆ ಬರುತ್ತಿತ್ತು. ಶರಣರು ತಿಥಿ ವಾರ ಸಂಕ್ರಮಣಗಳಿಗೆ ಪುಣ್ಯವಿಶೇಷವನ್ನು ಕಟ್ಟುವುದನ್ನೇ ಒಪ್ಪದವರು. ಅವರ ಕಾರಣ ಬೇರೆ, ಅದಕ್ಕೆ ಗಣಿತದ ಬೆಂಬಲ ಬೇಕಿಲ್ಲ. ಆದರೂ ದಾನಪತ್ರಗಳಲ್ಲಿ ಕೆತ್ತಿದ ಆ ಪುಣ್ಯಕಾಲವು ಆಗಲೇ ಆಕಾಶದಿಂದ ಹತ್ತು ದಿನ ಹಿಂದೆ ಬಿದ್ದಿತ್ತೆಂಬುದನ್ನು ಶಾಸನಾಭ್ಯಾಸಿಗಳು ಗಮನಿಸಬೇಕು.

ಇಂದು ಆ ಅಂತರ ಇಪ್ಪತ್ತಮೂರು ಇಪ್ಪತ್ತನಾಲ್ಕು ದಿನ. ಅದು ಬೆಳೆಯುತ್ತಿರುವುದನ್ನು ನಮ್ಮ ಕಣ್ಣಳತೆಯಲ್ಲೇ ಕಾಣಬಹುದು. ಸ್ವಾಮಿ ವಿವೇಕಾನಂದರು ಜನಿಸಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನ. 2024ರಲ್ಲಿ ಸಂಕ್ರಾಂತಿ ಬಂದುದು ಜನವರಿ 15ಕ್ಕೆ, 2025ರಲ್ಲಿ 14ಕ್ಕೆ. 14, 15ರ ನಡುವಣ ಈ ಹೊಯ್ದಾಟವು ಕಾಲು ದಿನದ ಶೇಷ ಮತ್ತು ಅಧಿಕ ವರ್ಷದ ಹೊಂದಾಣಿಕೆಯಿಂದಾದದ್ದು. ಅದನ್ನು ಬದಿಗಿಟ್ಟರೂ ಇಂಗ್ಲಿಷ್ ತಾರೀಕಿನಲ್ಲಿ ಸಂಕ್ರಾಂತಿಯು 72 ವರ್ಷಕ್ಕೊಂದು ದಿನ ಮುಂದೆ ಹೋಗುತ್ತಲೇ ಇದೆ. ಇಂಗ್ಲಿಷ್ ತಾರೀಕು ಅಲುಗದೆ ನಿಂತಿರುವುದೇಕೆಂದರೆ, 1582ರ ಗ್ರೆಗರಿಯ ಸುಧಾರಣೆಯಲ್ಲಿ ಅದರ ವರ್ಷವನ್ನು ಸರಾಸರಿ 365.2425 ದಿನವೆಂದು ಋತುಗಳಿಗೆ ಕಟ್ಟಿಹಾಕಲಾಯಿತು.

ನಮ್ಮ ಕಡೆಯ ಹೊಸವರ್ಷದ ಹೆಸರಿನಲ್ಲೂ ಇದೇ ಕಥೆಯಿದೆ. ಒಳನಾಡಿನವರಿಗೆ ಯುಗಾದಿಯೆಂದರೆ ಚೈತ್ರ ಶುದ್ಧ ಪಾಡ್ಯ. ಕುಂದಾಪುರ, ಉಡುಪಿ, ಮಂಗಳೂರುಗಳಲ್ಲಿ ತಿಂಗಳುಗಳನ್ನು ಸಂಕ್ರಮಣದಿಂದ ಸಂಕ್ರಮಣಕ್ಕೆ ಎಣಿಸುವ ಸೌರಮಾನ ಬಳಕೆಯಲ್ಲಿದೆ. ನಮ್ಮ ಮನೆಗಳ ಹೊಸ್ತಿಲು ಪೂಜೆಯ ಸೋಣೆ ತಿಂಗಳು ಸಿಂಹ ಸಂಕ್ರಮಣದಿಂದ ಮೊದಲಾಗುತ್ತದೆ, ಮೇಷ ಸಂಕ್ರಮಣದ ಸಮಯದಲ್ಲಿ, ಏಪ್ರಿಲ್ 14ರ ಆಸುಪಾಸಿನಲ್ಲಿ, ವಿಷು ಬರುತ್ತದೆ. ‘ವಿಷು’ ಎಂಬುದು ವಿಷುವದ ಹೆಸರು. ಹಗಲು ರಾತ್ರಿ ಸಮನಾದ ದಿನ. ಆರ್ಯಭಟನ ಕಾಲದಲ್ಲಿ ಮೇಷ ಸಂಕ್ರಮಣವೂ ವಿಷುವವೂ ಒಂದೇ ಆಗಿದ್ದವು. ಇಂದು ವಿಷುಕಣಿಯನ್ನು ಕಾಣುವ ಹೊತ್ತಿಗೆ ವಿಷುವ ಕಳೆದು ಮೂರು ವಾರಗಳ ಮೇಲಾಗಿರುತ್ತದೆ. ಚಾಂದ್ರಮಾನದ ಕಥೆ ಬೇರೆ: ಹನ್ನೆರಡು ಚಾಂದ್ರಮಾಸಗಳಿಗೆ 354 ದಿನಗಳಷ್ಟೇ ಆಗುವುದರಿಂದ ಬಸವ ಜಯಂತಿಯು 2024ರಲ್ಲಿ ಮೇ 10ಕ್ಕೆ, 2025ರಲ್ಲಿ ಏಪ್ರಿಲ್ 30ಕ್ಕೆ ಬಂತು. ಹೀಗೆ ಹಿಂದೆ ಸರಿಯುವ ತಿಥಿಯನ್ನು ಅಧಿಕಮಾಸವು ಮತ್ತೆ ಮುಂದಕ್ಕೆ ತಳ್ಳುತ್ತದೆ. ಆದರೆ ಆ ಅಧಿಕಮಾಸವನ್ನು ನಿರ್ಣಯಿಸುವುದೂ ನಿರಯಣ ಸಂಕ್ರಮಣಗಳಿಂದಲೇ ಆದ್ದರಿಂದ ಚಾಂದ್ರಮಾನದವರೂ ಈ ಸರಿತದಿಂದ ಪಾರಾಗಿಲ್ಲ.

ಇದರಿಂದ ಯಾರಿಗೇನು ನಷ್ಟವೆಂದು ಕೇಳಬಹುದು. ಬೇಸಾಯಗಾರನನ್ನು ನೋಡೋಣ. ನಮ್ಮ ರೈತರು ಮಳೆಯನ್ನು ಸೂರ್ಯನಿರುವ ನಕ್ಷತ್ರದಿಂದ ಗುರುತಿಸುತ್ತಾರೆ. ಒಂದೊಂದು ಮಳೆ ಹದಿಮೂರೂವರೆ ದಿನ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರೆ. ಕರಾವಳಿಗೆ ಮುಂಗಾರು ಮುಟ್ಟುವುದು ಸಾಮಾನ್ಯವಾಗಿ ಮೃಗಶಿರ ಕೂಡುವ ವೇಳೆಗೆ. ಸಾವಿರದ ಐನೂರು ವರ್ಷಗಳ ಹಿಂದೆ ಋತುವಿನ ಇದೇ ಘಟ್ಟದಲ್ಲಿ ಸೂರ್ಯನು ಆರಿದ್ರೆಯಲ್ಲಿದ್ದನು. ಮಳೆಗಾಲ ಸರಿದಿಲ್ಲ, ಹೆಸರು ಸರಿದಿದೆ. ಒಬ್ಬನ ಆಯುಷ್ಯದಲ್ಲಿ ಒಂದು ದಿನದ ವ್ಯತ್ಯಾಸ, ಮಳೆಯೇ ವರ್ಷಕ್ಕೆ ಹತ್ತು ದಿನ ಹಿಂದೆ ಮುಂದೆ ಬರುವಾಗ, ಯಾರ ಗಮನಕ್ಕೂ ಬಾರದು. ತಲೆಮಾರುಗಳು ತಿಳಿಯದೆಯೇ ಮಾತನ್ನು ಮಳೆಗೆ ಹೊಂದಿಸಿಕೊಂಡವು. ರೈತನಿಗೆ ನಷ್ಟವಿಲ್ಲವೆಂದೇ ನನ್ನ ಅಭಿಪ್ರಾಯ. ನಷ್ಟವಿರುವುದು ಕಲಿಸುವವರಿಗೆ ಮತ್ತು ಕಲಿಯುವವರಿಗೆ: ಕಣ್ಣೆದುರಿನ ನೆರಳನ್ನು ಬಿಟ್ಟು ಪುಸ್ತಕವನ್ನು ನಂಬೆಂದು ಮಗುವಿಗೆ ಹೇಳಬೇಕಾಗಿ ಬಂತಲ್ಲ, ಅದು.

ಈ ಗೊಂದಲವನ್ನು ಬಿಡಿಸಲೆತ್ನಿಸಿದವರಲ್ಲಿ ನಮ್ಮ ನಾಡಿನವರೊಬ್ಬರನ್ನು ಸ್ಮರಿಸಲೇಬೇಕು. 1854ರಲ್ಲಿ ನರಗುಂದದಲ್ಲಿ ಹುಟ್ಟಿ, 1930ರಲ್ಲಿ ವಿಜಾಪುರದಲ್ಲಿ ತೀರಿಕೊಂಡ ವೆಂಕಟೇಶ ಬಾಪೂಜಿ ಕೇತಕರರು ಜೀವನಕ್ಕೆ ಶಾಲೆಯ ಅಧ್ಯಾಪಕರು. ಪಾಶ್ಚಾತ್ಯರ ಸೂಕ್ಷ್ಮ ಪ್ರಮಾಣಗಳನ್ನು ಭಾರತೀಯ ಪದ್ಧತಿಗೆ ಅಳವಡಿಸಿ ‘ಜ್ಯೋತಿರ್ಗಣಿತಂ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ನಿರಯಣ ರಾಶಿಚಕ್ರದ ಆರಂಭದಲ್ಲಿ ಗುರುತಿಗೆ ಪ್ರಕಾಶಮಾನವಾದ ನಕ್ಷತ್ರವಿಲ್ಲದ್ದರಿಂದ, ಚಿತ್ರೆಗೆ ಸರಿಯಾಗಿ ಎದುರಿನ ಬಿಂದುವೇ ಮೇಷಾದಿಯೆಂಬ ಪಕ್ಷವನ್ನು ಅವರು ಎತ್ತಿಹಿಡಿದರು. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರವು ನೇಮಿಸಿದ ಪಂಚಾಂಗ ಸುಧಾರಣಾ ಸಮಿತಿಯೂ ಹಬ್ಬಗಳ ಲೆಕ್ಕಕ್ಕೆ ಚಿತ್ರಾಪಕ್ಷವನ್ನೇ ಆಧರಿಸಿತು. ಆದರೆ ನಾಗರಿಕ ವರ್ಷಕ್ಕೆ ಸಮಿತಿಯು ಸಾಯನ ಮಾನವನ್ನೇ ಆರಿಸಿತು. ಅದರಂತೆ 1957ರ ಮಾರ್ಚ್ 22, ಶಕ 1879ರ ಚೈತ್ರ 1ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅಲ್ಲಿ ವರ್ಷ ಆರಂಭವಾಗುವುದು ವಿಷುವದ ಮರುದಿನ. ನೆರಳಿಗೂ ಪಂಚಾಂಗಕ್ಕೂ ಜಗಳವಿಲ್ಲ. ದುರ್ದೈವದಿಂದ ಈ ಪಂಚಾಂಗವು ಸರ್ಕಾರದ ಗೆಜೆಟ್ಟಿನ ತಲೆಬರಹದಲ್ಲಿ ಉಳಿಯಿತೇ ಹೊರತು ಮನೆಯ ಗೋಡೆಗೆ ಬರಲಿಲ್ಲ. ಹಬ್ಬವನ್ನು ಇಪ್ಪತ್ತನಾಲ್ಕು ದಿನ ಹಿಂದಕ್ಕೆ ತನ್ನಿರೆಂದು ಜನರಿಗೆ ಹೇಳಿದರೆ ಕೇಳುವವರಿಲ್ಲ. ಕೇಳಬೇಕೆಂಬ ಹಟವೂ ನನಗಿಲ್ಲ. ಮಾರಣಕಟ್ಟೆಯ ಜಾತ್ರೆ ಮಕರ ಸಂಕ್ರಮಣಕ್ಕೇ ನಡೆಯಲಿ. ಅದನ್ನು ಉತ್ತರಾಯಣದ ಆರಂಭವೆಂದು ಪಾಠಪುಸ್ತಕದಲ್ಲಿ ಬರೆಯದಿದ್ದರೆ ಸಾಕು.

ವಿಜ್ಞಾನಿಗಳ ಕೈಯಲ್ಲಿ ವರ್ಷಕ್ಕೆ ಒದಗಿದ ಗತಿಯೂ ಸ್ವಾರಸ್ಯಕರ. ಭೂಮಿಯ ದಿನಗತಿ ಸಮನಾಗಿಲ್ಲವೆಂದು ತಿಳಿದ ಮೇಲೆ, ಸೆಕೆಂಡನ್ನು ದಿನದಿಂದ ಅಳೆಯುವುದನ್ನು ಬಿಟ್ಟು ವರ್ಷದಿಂದ ಅಳೆಯತೊಡಗಿದರು. 1960ರಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಮಹಾಸಭೆ ಅಂಗೀಕರಿಸಿದಂತೆ, 1900ರ ಸಾಯನ ವರ್ಷದ 3,15,56,925.9747ರಲ್ಲಿ ಒಂದು ಪಾಲು ಒಂದು ಸೆಕೆಂಡು. ಆ ಪಟ್ಟ ಏಳೇ ವರ್ಷ ಉಳಿಯಿತು. 1967ರಲ್ಲಿ ಸೀಸಿಯಂ ಪರಮಾಣುವಿನ ಕಂಪನವೇ ಸೆಕೆಂಡಿನ ಪ್ರಮಾಣವಾಯಿತು. ಇಂದು ವರ್ಷವನ್ನೇ ಆ ಗಡಿಯಾರದಿಂದ ಅಳೆಯುತ್ತಾರೆ, ಅಳೆದಾಗ ಸಾಯನ ವರ್ಷವು ನೂರು ವರ್ಷಕ್ಕೆ ಅರ್ಧ ಸೆಕೆಂಡಿನಷ್ಟು ಕಿರಿದಾಗುತ್ತಿರುವುದು ಕಾಣುತ್ತದೆ.

ನಮಗೆ ಸೀಸಿಯಂ ಬೇಡ. ಹನ್ನೆರಡು ಅಂಗುಲದ ಕಡ್ಡಿಯೊಂದು ಸಾಕು. ಪ್ರಾಚೀನರು ಶಂಕುವೆಂದದ್ದು ಅದನ್ನೇ. ವಿಷುವದಿನದ ಮಧ್ಯಾಹ್ನ ಅದರ ನೆರಳಿಗೆ ಪಲಭೆಯೆಂದು ಹೆಸರು. ಊರಿನ ಅಕ್ಷಾಂಶವನ್ನು ಅದರಿಂದಲೇ ಹೇಳುತ್ತಿದ್ದರು. ಶಿರೂರಿನ ಪಲಭೆ ಸರಿಯಾಗಿ ಮೂರು ಅಂಗುಲ ಎನ್ನಬಹುದು. ಕೂಡಲಸಂಗಮದಲ್ಲಿ ಮೂರೂವರೆ, ಬಸವಕಲ್ಯಾಣದಲ್ಲಿ ನಾಲ್ಕಕ್ಕೆ ತುಸು ಕಡಿಮೆ. ವಾಚಕರು ಬರುವ ಮಾರ್ಚ್ 18ರಿಂದ 24ರವರೆಗೆ ತಮ್ಮ ಊರಿನಲ್ಲಿ ಸಮತಟ್ಟಾದ ನೆಲದಲ್ಲಿ ಅದನ್ನು ನಿಲ್ಲಿಸಿ, ಹನ್ನೆರಡು ಗಂಟೆಯಿಂದ ಒಂದರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ, ಅತಿ ಚಿಕ್ಕದಾದುದನ್ನು ಬರೆದಿಡಲಿ. ಏಪ್ರಿಲ್ 14ರಂದು ಮತ್ತೊಮ್ಮೆ ಅಳೆಯಲಿ. ಶಿರೂರಿನಲ್ಲಿ ಅಂದಿಗೆ ಅದು ಒಂದು ಅಂಗುಲಕ್ಕೂ ಕಡಿಮೆಯಾಗಿರುತ್ತದೆ.